ಹಿತ್ತಲಿಗೆ ಜಿಂಕೆ ಕರೆಸಿದ ಟೈಲರಕ್ಕ

ಹೊಟ್ಟೆಕಿಚ್ಚು ಟೈಲರಕ್ಕನಿಗೆ ಹೊಸದೇನಲ್ಲ. ಮುಂದಿನ ಬೀದಿಯ ಟೈಲರು ಅಂಗಡಿಗೆ ಹೊಸ ಬೋರ್ಡು ಹಾಕಿಸಿದಾಗಲೂ ಅವಳಿಗೆ ಊಟ ಸೇರಿರಲಿಲ್ಲ. ಆದರೆ ಜಿಂಕೆಗಳ ದೆಸೆಯಿಂದ ಹೊಟ್ಟೆ ಉರಿದುಕೊಂಡವಳು ಇಡೀ ಊರಿಗೆ ಅವಳೊಬ್ಬಳೇ ಇರಬೇಕು.

ಊರಿನ ಕೊನೆಯ ಬೀದಿ ಅದು; ಹಿತ್ತಲು ದಾಟಿದರೆ ಕಾಡು. ಅಣ್ಣ ತಮ್ಮಂದಿರ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ, ಎರಡು ಹಿತ್ತಲುಗಳ ನಡುವೆ ಮೊಣಕಾಲೆತ್ತರದ ಬೇಲಿ, ಬೇಲಿಗೊಂದು ಸಣ್ಣ ಗೇಟು. ಅಣ್ಣನ ಹೆಂಡತಿಯಾದ ಟೈಲರಕ್ಕ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ತಮ್ಮನ ಹೆಂಡತಿ ಶಿಶುವಿಹಾರದಲ್ಲಿ ಟೀಚರು. ಓರಗಿತ್ತಿಯರು ಅಂದಮೇಲೆ ಕೇಳಬೇಕೆ, ಎದುರಿಗೆ ನಗು, ಬೆನ್ನಹಿಂದೆ ಗೊಣಗು.

ಅತ್ತೆ ಇದ್ದದ್ದು ಟೈಲರಕ್ಕನ ಮನೆಯಲ್ಲಿ. ಹೆತ್ತವಳ ಮುಖವನ್ನೇ ನೋಡದೆ ಬೆಳೆದ ಹುಡುಗಿ ಸೊಸೆಯಾಗಿ ಬಂದಾಗ, ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಕಾಲರ್ ಕೂರಿಸುವವರೆಗೆ ಕೈ ಹಿಡಿದು ಕಲಿಸಿದವರು ಅವರೇ. ಬಾಯಲ್ಲಿ ‘ಅತ್ತೆ’ ಎನ್ನುತ್ತಿದ್ದಳಷ್ಟೆ. ಮನಸ್ಸಿನಲ್ಲಿ ಅವರನ್ನು ಕರೆಯುತ್ತಿದ್ದದ್ದೇ ಬೇರೆ. ಅದನ್ನು ಒಂದು ದಿನವಾದರೂ ಬಾಯಿಬಿಟ್ಟು ಹೇಳಿದವಳಲ್ಲ.

ಟೈಲರಕ್ಕನ ಹಿತ್ತಲು ಇಸ್ತ್ರಿ ಹಾಕಿಟ್ಟಂತಿತ್ತು. ಪುದೀನ, ಬೆಳ್ಳುಳ್ಳಿ, ಚೆಂಡುಹೂವು, ಎಲ್ಲಾ ಸಾಲಿಗೆ ಸಾಲು. ಟೀಚರ ಹಿತ್ತಲಿನಲ್ಲಿ ಗುಲಾಬಿಯ ಮೇಲೆ ಹುರುಳಿಕಾಯಿ ಬಳ್ಳಿ, ದಾಸವಾಳದ ಬುಡದಲ್ಲಿ ಗೆಣಸು, ಯಾವುದಕ್ಕೂ ಹೇಳುವವರಿಲ್ಲ ಕೇಳುವವರಿಲ್ಲ. ಬೆಳಕು ಹರಿಯುತ್ತಿದ್ದಂತೆ ಜಿಂಕೆಗಳು ಬಂದು ಅದನ್ನು ಬೋಳಿಸುತ್ತಿದ್ದವು. ಇವಳದನ್ನು ಮೂಸಿಯೂ ನೋಡುತ್ತಿರಲಿಲ್ಲ. ಮೊದಮೊದಲು ಇವಳಿಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಆ ಟೀಚರು ಗೋಳಾಡಿದರೆ ತಾನೇ? ಹಿತ್ತಲ ಬಾಗಿಲಿಗೆ ಎರಡು ಕುರ್ಚಿ ಹಾಕಿ, “ಅತ್ತೆ, ಬನ್ನಿ, ಜಿಂಕೆ ಬಂದಿದೆ” ಎಂದು ಕರೆದಳು.

ಅತ್ತೆ ಹೋದರು. ಮರುದಿನವೂ ಹೋದರು. ಚಹಾ ಅಲ್ಲೇ ಆಯಿತು, ಆಮೇಲೆ ತಿಂಡಿಯೂ ಅಲ್ಲೇ. ಕೊನೆಗೆ ಟೈಲರಕ್ಕ ತಡೆಯಲಾರದೆ, “ಹೋಗಿ ಬಂದು ಯಾಕೆ ಕಾಲು ನೋಯಿಸ್ಕೋತೀರಾ, ಅಲ್ಲೇ ಇದ್ದುಬಿಡಿ” ಅಂದಳು. ಅತ್ತೆ ‘ಬೇಡಮ್ಮ’ ಅನ್ನಲಿ ಎಂದೇ ಆಡಿದ ಮಾತು. ಅತ್ತೆ ಅವಳ ಮುಖವನ್ನೊಮ್ಮೆ ನೋಡಿ, ಬಟ್ಟೆ ಮಡಚಿಕೊಂಡು ಹೊರಟೇಬಿಟ್ಟರು.

ಆಡಿದ ಮಾತು ನುಂಗುವ ಜಾಯಮಾನ ಅವಳದಲ್ಲ. ಎಲ್ಲದಕ್ಕೂ ಆ ಜಿಂಕೆಗಳೇ ಕಾರಣ ಎಂದು ತೀರ್ಮಾನಿಸಿ, ಮಗನ ಯೂನಿಫಾರಂ ಒಯ್ಯಲು ಬಂದ ಫಾರೆಸ್ಟ್ ಗಾರ್ಡನನ್ನು ಹಿಡಿದು ನಿಲ್ಲಿಸಿದಳು.

“ಜಿಂಕೆಗೆ ಏನು ಇಷ್ಟ?”

“ಎಳೇದೆಲ್ಲಾ ಇಷ್ಟ ಅಕ್ಕ. ಹುರುಳಿಕಾಯಿ ಕುಡಿ, ಗುಲಾಬಿ ಮೊಗ್ಗು, ದಾಸವಾಳದ ಚಿಗುರು, ಗೆಣಸಿನ ಬಳ್ಳಿ. ಘಾಟು ವಾಸನೆ ಇದ್ರೆ ಹತ್ರಾನೂ ಬರಲ್ಲ. ನಿಮ್ಮ ಹಿತ್ತಲು ಭದ್ರ ಬಿಡಿ.”

ಆ ಭದ್ರತೆಯನ್ನು ಟೈಲರಕ್ಕ ಆವತ್ತೇ ಬೇರುಸಹಿತ ಕಿತ್ತುಹಾಕಿದಳು. ಗಾರ್ಡ್ ಹೇಳಿದ್ದನ್ನೆಲ್ಲಾ ನೆಟ್ಟು ನೀರು ಹಾಕಿದಳು. ಬಳ್ಳಿ ಹಬ್ಬಿತು, ಮೊಗ್ಗು ಬಂತು. ಜಿಂಕೆಗಳು ಮಾತ್ರ ಬರಲಿಲ್ಲ. ಬೇಲಿಯಾಚೆ, ಓರಗಿತ್ತಿಯ ಹಿತ್ತಲಿನ ದೂರದ ಮೂಲೆಯಲ್ಲಿ, ತಿಂದು ಉಳಿದ ಕಡ್ಡಿಗಳನ್ನೇ ಜಗಿಯುತ್ತಿದ್ದವು. ಅಲ್ಲಿಂದ ತೇಲಿಬರುವ ಅತ್ತೆಯ ನಗು ಕೇಳಿದಾಗಲೆಲ್ಲಾ ಇವಳು ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

“ಹಿಂದಿನ ಜಗಲೀಲಿ ಮಿಷನ್ ಇಟ್ಕೊಂಡು ಹೊತ್ತು ಹುಟ್ಟೋಕೆ ಮುಂಚೆ ಕಟಕಟ ಅನ್ಸಿದ್ರೆ ಯಾವ ಜಿಂಕೆ ಬರುತ್ತೆ?” ಅಂದ ಗಂಡ. ಇಷ್ಟು ವರ್ಷ ಹೊಲಿದವಳಿಗೆ ಅದೊಂದು ಸದ್ದು ಎಂಬುದೇ ಮರೆತುಹೋಗಿತ್ತು.

ಮರುದಿನ ಬೆಳಗ್ಗೆ ಅವಳು ಮಿಷನ್ನು ಮುಟ್ಟಲಿಲ್ಲ. ಅಂಗಿಗಳು ರಾಶಿ ಬಿದ್ದಿದ್ದವು. ಕೈ ಕಟ್ಟಿಕೊಂಡು ಕೂತಳು. ಹೆಣ್ಣು ಜಿಂಕೆಯೊಂದು ಬೇಲಿ ಹಾರಿ ಬಂದು, ಕಿವಿ ತಿರುಗಿಸಿ, ಬಳ್ಳಿಯ ಕುಡಿಗೆ ಬಾಯಿ ಹಾಕಿತು. ಅವಳು ಅತ್ತೆಯನ್ನು ಕೂಗಿ ಕರೆಯಬೇಕು, ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಜಿಂಕೆ ಒಂದೇ ನೆಗೆತಕ್ಕೆ ಕಾಡು ಸೇರಿತು.

ಬಂದವರು ಅತ್ತೆ. “ಏನಾಯ್ತೇ? ಮಿಷನ್ ಸದ್ದೇ ಇಲ್ಲ. ಮೈ ಹುಷಾರಿಲ್ವಾ?”

“ಹುಷಾರಾಗೇ ಇದೀನಿ. ಜಿಂಕೆ ಬರಲಿ ಅಂತ ನಿಲ್ಸಿದ್ದೆ.”

“ನಿನಗ್ಯಾಕೆ ಜಿಂಕೆ?”

“ನಿಮಗೆ ಇಷ್ಟ ಅಲ್ವಾ.”

ಅತ್ತೆ ಮೆಲ್ಲಗೆ ಅವಳ ಪಕ್ಕ ಕೂತರು. “ನನಗೆಲ್ಲಿ ಕಾಣ್ಸುತ್ತೆ? ಹತ್ತಿರದ್ದು ಸರಿ, ದೂರದ್ದೆಲ್ಲಾ ಮಬ್ಬು. ಅವಳು ಪಕ್ಕದಲ್ಲಿ ಕೂತ್ಕೊಂಡು ಈಗ ಬಂತು, ಈಗ ಮೊಗ್ಗು ಕಿತ್ತಿತು ಅಂತ ಹೇಳ್ತಾಳೆ. ನಾನು ಹೂಂ ಅಂತೀನಿ. ಹೊತ್ತು ಹೋಗುತ್ತೆ.”

ಟೈಲರಕ್ಕ ತಾನು ನೆಟ್ಟ ಬಳ್ಳಿಗಳತ್ತ ನೋಡಿದಳು. ಗಿಡದ ಮೇಲಿನ ಹೊಟ್ಟೆಕಿಚ್ಚಿಗೆ ಗಿಡ ನೆಟ್ಟು ಉತ್ತರ ಕೊಡಬಹುದಿತ್ತು. ಪಕ್ಕದಲ್ಲಿ ಕೂತು ಮಾತಾಡಿದ್ದಕ್ಕೆ ಏನು ಮಾಡುವುದು? ಒಂದೇ ಮನೆಯಲ್ಲಿದ್ದಷ್ಟು ದಿನವೂ ಅತ್ತೆ ಕೂತಿದ್ದದ್ದು ಮಿಷನ್ ತುಳಿಯುವ ಇವಳ ಬೆನ್ನ ಹಿಂದೆ.

ಅತ್ತೆ ಖಾಲಿ ಹಿತ್ತಲಿನತ್ತ ಕಣ್ಣು ಕಿರಿದು ಮಾಡಿ ನೋಡಿದರು. “ಬಂತೇನೇ ನಿನ್ನ ಜಿಂಕೆ?”

“ಬಂದಿದೆ ಅತ್ತೆ. ಅಲ್ಲೇ ಇದೆ. ಹುರುಳಿಕಾಯಿ ಬಳ್ಳಿ ತಿಂತಾ ಇದೆ.”

“ಹೂಂ.”

“ಕಿವಿ ಆಡಿಸ್ತಾ ಇದೆ. ಈಗ ಗುಲಾಬಿ ಹತ್ರ ಹೋಯ್ತು.”

“ಹೂಂ. ಮರಿ ಇದೆಯಾ? ಅವಳ ಹಿತ್ತಲಿಗೆ ಒಂದು ಮರಿ ಬರುತ್ತೆ.”

ಟೈಲರಕ್ಕ ಅತ್ತೆಯ ಕೈಯನ್ನು ತನ್ನ ಮಡಿಲಿಗೆಳೆದುಕೊಂಡಳು.

“ಇಲ್ಲಿ ಎರಡಿವೆ” ಎಂದಳು.