ಉಣ್ಣೆಯಕ್ಕನ ಗೋಜಲು

ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಕ್ಕಳ ವಿಭಾಗದಲ್ಲಿದ್ದ ಹಿರಿಯ ನರ್ಸನ್ನು ಎಲ್ಲರೂ ಉಣ್ಣೆಯಕ್ಕ ಎಂದೇ ಕರೆಯುತ್ತಿದ್ದರು. ಆಕೆಯ ಮೇಜಿನ ಕೆಳಗೊಂದು ಬುಟ್ಟಿ. ಅದರ ತುಂಬ ಬ್ರಹ್ಮನೇ ಇಳಿದು ಬಂದರೂ ಬಿಡಿಸಲಾಗದಷ್ಟು ಗೋಜಲಾದ ಬಣ್ಣಬಣ್ಣದ ಉಣ್ಣೆ. ಮಗುವಿಗೆ ಏನನ್ನಾದರೂ ಕಲಿಸುವ ಮೊದಲು ಆಕೆ ಅದನ್ನು ತಾಯಿಯ ಮಡಿಲಿಗೆ ಹಾಕುತ್ತಿದ್ದಳು. ಕೈ ಸುಮ್ಮನಿದ್ದರೆ ತಾಯಿ ಸುಮ್ಮನಿರಳು ಎಂಬುದು ಆಕೆಯ ಅನುಭವ.

ಅಂದು ಬಂದ ಹುಡುಗಿಯನ್ನು ಆಕೆ ಹಸುಗೂಸಿನಿಂದ ಬಲ್ಲಳು. ಹುಟ್ಟಿದ ಮರುದಿನವೇ ಬೆನ್ನಿನ ಶಸ್ತ್ರಚಿಕಿತ್ಸೆ, ಆಮೇಲೆ ತಲೆಯ ನೀರು ಇಳಿಯಲು ನಳಿಕೆ, ಪಾದ ನೆಟ್ಟಗಾಗಲು ಇನ್ನೊಂದು ಶಸ್ತ್ರಚಿಕಿತ್ಸೆ. ಈಗ ನಡೆಯಲು ಆಸರೆಯಾಗಿ ಕಾಲಿಗೆ ಕ್ಯಾಲಿಪರ್ ಪಟ್ಟಿ. ಮೂತ್ರ ಬಂದದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಮೂತ್ರಪಿಂಡ ಕೆಡದಂತೆ ಹೊತ್ತುಹೊತ್ತಿಗೆ ಸಣ್ಣ ಕೊಳವೆ ಹಾಕಿ ತೆಗೆಯುವ ಕೆಲಸ ಇಷ್ಟು ವರ್ಷವೂ ತಾಯಿಯದೇ. ಈಗ ಶಾಲೆಯ ಮಕ್ಕಳು ಸಮುದ್ರ ನೋಡಲು ಹೊರಟಿದ್ದರು. ತಾನೇ ಕೊಳವೆ ಹಾಕಿಕೊಳ್ಳಲು ಬಂದರೆ ಹುಡುಗಿಗೂ ಪ್ರವಾಸ; ಬಾರದಿದ್ದರೆ ಮನೆಯೇ ಗತಿ.

"ಭಯ ಆಗ್ತಿದೆಯಾ ಪುಟ್ಟಿ?" ಎಂದು ಉಣ್ಣೆಯಕ್ಕ ಕೇಳಿದಳು.

"ಸ್ವಲ್ಪ ಆಗ್ತಿದೆ ಅಕ್ಕಾ," ಎಂದಳು ತಾಯಿ.

"ನಿನ್ನನ್ನ ಯಾರು ಕೇಳಿದ್ರೇ?"

ಹುಡುಗಿ ಕಿಸಕ್ಕನೆ ನಕ್ಕಳು. ಉಣ್ಣೆ ತಾಯಿಯ ಮಡಿಲಿಗೆ ಬಿತ್ತು.

ಹುಡುಗಿ ಕೈ ತೊಳೆದು, ಕನ್ನಡಿ ಓರೆಮಾಡಿಕೊಂಡು ಕೊಳವೆ ಹಿಡಿದಳು. ಮೊದಲ ಸಲ ಅದು ಜಾರಿತು. ತಾಯಿ ಕುರ್ಚಿಯಿಂದ ಅರ್ಧ ಎದ್ದಳು. "ನಾನೊಂದ್ಸಲ ತೋರಿಸ್ತೀನಿ ಅಕ್ಕಾ..."

"ಆ ಕೆಂಪು ಎಳೆ ಎಲ್ಲಿಗೆ ಹೋಗುತ್ತೆ, ಅದನ್ನ ನೋಡು ಮೊದ್ಲು."

"ಯಾರಕ್ಕಾ ಇದನ್ನ ಹೀಗೆ ಹಾಳು ಮಾಡಿದ್ದು?"

"ಬೆಕ್ಕು."

"ಆಸ್ಪತ್ರೇಲಿ ಬೆಕ್ಕಾ?"

"ಹ್ಞೂಂ, ಎರಡು ಕಾಲಿನದು. ನರ್ಸ್ ಬಟ್ಟೆ ಹಾಕಿರುತ್ತೆ."

ತಾಯಿ ನಗು ತಡೆಯಲಾರದೆ ತಲೆ ಬಗ್ಗಿಸಿ ಕೆಂಪು ಎಳೆಯನ್ನು ಹುಡುಕತೊಡಗಿದಳು. ಅಷ್ಟರಲ್ಲಿ ಬೋಗುಣಿಯಲ್ಲಿ ತೊಟತೊಟ ಸದ್ದಾಯಿತು.

"ಅಮ್ಮಾ, ಬಂತು!"

ತಾಯಿ ಉಣ್ಣೆಯಿಂದಲೇ ಕಣ್ಣೊರೆಸಿಕೊಂಡಳು.

ಪ್ರವಾಸದ ದಿನ ಬೆಳಿಗ್ಗೆ ತಾಯಿ ಒಬ್ಬಳೇ ಉಣ್ಣೆಯಕ್ಕನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಬಸ್ಸು ಹೊರಟಿತು ಅಕ್ಕಾ. ತಿರುಗಿ ಕೂಡ ನೋಡಲಿಲ್ಲ, ಕಳ್ಳಿ. ಮನೇಲಿ ಈ ಕೈಗೆ ಏನು ಕೆಲಸ ಕೊಡೋದೋ ಗೊತ್ತಾಗಲಿಲ್ಲ."

ಉಣ್ಣೆಯಕ್ಕ ಬುಟ್ಟಿಯನ್ನು ಕಾಲಿನಿಂದ ಅವಳತ್ತ ತಳ್ಳಿದಳು.

"ಬಾ, ಕೂತ್ಕೋ. ಆವತ್ತು ಅರ್ಧ ಬಿಡಿಸಿಟ್ಟು ಹೋಗಿದ್ದೀಯ. ಮತ್ತೆ ಚೆನ್ನಾಗಿ ಗೋಜಲು ಮಾಡು. ನಾಳೆ ಇನ್ನೊಬ್ಬ ತಾಯಿ ಬರ್ತಾಳೆ."