ಅಕ್ಕ ಹೊಲಿದ ರೆಕ್ಕೆ

ಮನೆಯಲ್ಲಿ ಕೂತು ವಿಮಾನ ಕಟ್ಟುವವನಿಗೆ ಮೊದಲು ಬೇಕಾದದ್ದು ಎಮ್ಮೆ ಚರ್ಮ. ನನಗೆ ಅದು ಇದೆ ಅಂತಲೇ ತಿಳಿದಿದ್ದೆ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ ಡ್ಯೂಟಿ ಮುಗಿಸಿ ಸೇಡಂ ರಸ್ತೆಯ ಬಾಡಿಗೆ ಶೆಡ್ಡಿಗೆ ಹೊರಟರೆ ಸಾಕು, ಚಹಾದ ಅಂಗಡಿಯಿಂದ ಯಾರಾದರೂ ಕೂಗುತ್ತಿದ್ದರು: “ಏನ್ರಿ, ಇವತ್ತರ ಹಾರ್ತದೇನ್ರಿ ನಿಮ್ ಕೋಳಿ?” ಎರಡು ಸೀಟಿನ ಪುಟ್ಟ ವಿಮಾನ ಅದು. ಬಿಡಿಭಾಗ ತರಿಸಿ ನಾನೇ ಜೋಡಿಸುತ್ತಿದ್ದೆ. ಕೆಳಗೆ ಎರಡು ಉದ್ದನೆಯ ಪೊಳ್ಳು ದೋಣಿಗಳು, ಅವಕ್ಕೆ ಫ್ಲೋಟ್ ಅನ್ನುತ್ತಾರೆ. ಅವುಗಳಲ್ಲೇ ಮಡಚಿಕೊಳ್ಳುವ ಚಕ್ರಗಳೂ ಇದ್ದವು. ನೆಲದಿಂದ ಎದ್ದು ನೀರಿಗಿಳಿಯಬಹುದು, ನೀರಿನಿಂದ ಎದ್ದು ನೆಲಕ್ಕಿಳಿಯಬಹುದು. ಇನ್ನು ಮೇಲೆ ಚಿಂಚೋಳಿ ತಾಲೂಕಿನ ಕೆರೆಗಳೆಲ್ಲ ನನ್ನ ಏರ್‌ಪೋರ್ಟು ಎಂದು ಜಂಬ ಕೊಚ್ಚುತ್ತಿದ್ದೆ.

ಆದರೆ ರೆಕ್ಕೆಯ ಹತ್ತಿರ ನನ್ನ ಜಂಬ ಇಳಿಯಿತು. ರೆಕ್ಕೆಯೆಂದರೆ ಹಗುರ ಪಟ್ಟಿಗಳ ಹಂದರದ ಮೇಲೆ ಬಿಗಿದ ಬಟ್ಟೆ. ಆ ಬಟ್ಟೆಯನ್ನು ಪಟ್ಟಿಗಳಿಗೆ ಸೇರಿಸಿ ಕೈಯಿಂದಲೇ ಹೊಲಿಯಬೇಕು, ಹೊಲಿಗೆಗೊಂದು ಗಂಟು ಹಾಕಬೇಕು. ನನ್ನ ಕೈಯಲ್ಲಿ ದಾರ ಬರೀ ಸಿಕ್ಕಾಗುತ್ತಿತ್ತು. ಸಿಟ್ಟು ಬಂದು ಸೂಜಿ ಎಸೆದು ಹೊರಗೆ ಹೋಗುತ್ತಿದ್ದೆ. ಕೊನೆಗೆ ಐನಾಪುರಕ್ಕೆ ಫೋನ್ ಮಾಡಿ ಅಕ್ಕನನ್ನು ಕರೆಸಿದೆ. ಅಕ್ಕ ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಅವಳು ಮೇಲಿಂದ ಸೂಜಿ ಚುಚ್ಚುವಳು, ನಾನು ಕೆಳಗೆ ಕೂತು ಅದನ್ನು ತಿರುಗಿ ಮೇಲಕ್ಕೆ ಕಳಿಸುವೆನು. ಬೇಸಿಗೆಯೆಲ್ಲ ಹೀಗೇ ಹೋಯಿತು.

“ಇಷ್ಟ್ ದೊಡ್ಡ ಕೌದಿ ಯಾರಿಗೂ ಹೊಲಿದಿಲ್ಲಪಾ ನಾ. ಇದನ್ನ ಹೊಚ್ಕೊಳ್ಳವ್ರು ಯಾರು?” ಎಂದು ನಗುತ್ತಿದ್ದಳು.

“ನೀನೇ. ನಿಮ್ಮೂರ ಕೆರಿಗಿ ತಂದು ಇಳಸ್ತೀನಿ. ನನ್ ಜೋಡಿ ಮೊದ್ಲ ಹತ್ತವಾಕಿ ನೀನೇ.”

ಅಕ್ಕ ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿದಳು. “ಹಂಗಾರ ತೊಗರಿ ಹೂ ಬಿಟ್ಟಾಗ ಬಾ. ಹೊಲ ಎಲ್ಲಾ ಹಳದಿ ಆಗಿರ್ತದ. ಮ್ಯಾಲಿಂದ ಒಮ್ಮಿ ನೋಡಬೇಕು” ಅಂದಳು. ಅಕ್ಕ ನನ್ನಲ್ಲಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೊಂದೇ.

ಪರೀಕ್ಷೆ, ಪರವಾನಗಿ ಎಲ್ಲ ಮುಗಿದ ಮೇಲೆ, ತೊಗರಿ ಹೂವಾದ ಕಾಲಕ್ಕೇ ಹೋದೆ. ರಾವೂರ ಕಡೆಯ ಬಯಲಿನಿಂದ ಎದ್ದು, ಸಂಜೆ ಅಕ್ಕನ ಊರಿನ ಕೆರೆಗಿಳಿದು, ವಿಮಾನವನ್ನು ದಂಡೆಗೆ ಕಟ್ಟಿದೆ. ರಾತ್ರಿಯೆಲ್ಲ ನೀರಿನಲ್ಲಿ ನಿಂತರೆ ಫ್ಲೋಟಿನೊಳಗೆ ಒಂದಿಷ್ಟು ನೀರು ಜಿನುಗುತ್ತದೆ. ಹಾರುವ ಮೊದಲು ಬಿರಡೆ ತೆಗೆದು, ಕೈಪಂಪಿನಿಂದ ಅದನ್ನು ಹೊರಗೆ ಹಾಕಬೇಕು. ಅದೊಂದನ್ನು ನಾನು ಎಂದೂ ತಪ್ಪಿಸಿದವನಲ್ಲ. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಏರಿಯ ಮೇಲೆ ಇಡೀ ಊರು ನೆರೆದಿತ್ತು. ಇಷ್ಟು ಜನರ ಮುಂದೆ ಮೊಣಕಾಲೂರಿ ನೀರು ಜಗ್ಗುತ್ತ ಕೂತರೆ ತೂತುಬಿದ್ದ ದೋಣಿ ಅಂದಾರು ಅನ್ನಿಸಿತು. ಹೊಸ ಅಂಗಿ ಬೇರೆ ತೊಟ್ಟಿದ್ದೆ. ಪಂಪನ್ನು ಸೀಟಿನ ಹಿಂದೆ ತುರುಕಿದೆ.

ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ವಿಮಾನದ ಮೂತಿಗೆ ವಿಭೂತಿ ಹಚ್ಚಿದಳು, ಕಾಯಿ ಒಡೆದಳು. ತಾನು ಹೊಲಿದ ರೆಕ್ಕೆಯ ಮೇಲೆ ಒಮ್ಮೆ ಕೈಯಾಡಿಸಿ, ಹತ್ತಿ ಕೂತಳು. ಲೈಫ್ ಜಾಕೆಟ್ ಬಿಗಿದಾಗ ಮದುಮಗಳ ಹಾಗೆ ನಾಚಿದಳು.

ಗಾಳಿಯೇ ಇರಲಿಲ್ಲ. ಅಲೆಯಿಲ್ಲದ ನೀರು ಮೊದಲೇ ಫ್ಲೋಟನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಎಂಜಿನ್ ಪೂರ್ತಿ ಬಿಟ್ಟೆ. ವಿಮಾನ ನೀರು ಸೀಳುತ್ತ ಆ ದಂಡೆಯವರೆಗೆ ಹೋಯಿತು, ಏಳಲಿಲ್ಲ. ತಿರುಗಿಸಿ ಬಂದೆ, ಮತ್ತೆ ಹೋದೆ. ಏರಿಯ ಹತ್ತಿರ ಬಂದು ಎಂಜಿನ್ ಇಳಿಸಿದಾಗ, “ಎಮ್ಮಿ ಈಸಾಡ್ಲಿಕತ್ತದ ನೋಡ್ರೋ!” ಎಂದು ಯಾರೋ ಕೂಗಿದ್ದು ಕೇಳಿತು. ಅದರ ಹಿಂದೆಯೇ ಇನ್ನೊಬ್ಬ, “ಅಕ್ಕೋರು ಇಳದ್ರ ಏಳ್ತದ ಬಿಡ್ರಿ!” ಅಂದ. ಏರಿಯೆಲ್ಲ ನಕ್ಕಿತು. ನಾನು ಅಕ್ಕನ ಕಡೆ ನೋಡಿದೆ. ಅವಳ ಮುಖವನ್ನಲ್ಲ, ಅವಳ ಮೈಯನ್ನು ನೋಡಿದೆ. ಅದು ಅವಳಿಗೆ ಗೊತ್ತಾಯಿತು.

“ಎಂಜಿನ್ ಸ್ವಲ್ಪ ತ್ರಾಸ ಕೊಡ್ಲಿಕತ್ತದ ಅಕ್ಕಾ. ನೀ ಇಳಿ, ನಾ ಒಬ್ಬನೇ ಒಂದ್ ಸುತ್ತ ನೋಡ್ತೀನಿ” ಅಂದೆ.

ಅಕ್ಕ ಲೈಫ್ ಜಾಕೆಟ್ ಬಿಚ್ಚಿಟ್ಟು ಇಳಿದಳು. ಸೀರೆಯ ಅಂಚು ಒದ್ದೆಯಾಯಿತು. ನಾನು ಮತ್ತೆ ಎಂಜಿನ್ ಬಿಟ್ಟೆ. ವಿಮಾನ ಒಂದಿಷ್ಟು ದೂರ ತಿಣುಕಿ, ಆಮೇಲೆ ಎದ್ದೇಬಿಟ್ಟಿತು. ನನ್ನ ಸುಳ್ಳಿಗೆ ಅಷ್ಟೇ ಆಯುಷ್ಯ. ಕೆಳಗೆ ಹೊಲಗಳೆಲ್ಲ ಅಕ್ಕ ಹೇಳಿದಂತೆ ಹಳದಿಯಾಗಿದ್ದವು. ಏರಿಯ ಒಂದು ತುದಿಗೆ ಹಸಿರು ಸೀರೆಯೊಂದೇ ಬೇರೆಯಾಗಿ ನಿಂತಿತ್ತು. ಆ ಹಳದಿಯನ್ನು ನನಗೆ ನೆಟ್ಟಗೆ ನೋಡಲಾಗಲಿಲ್ಲ.

ಇಳಿದು ಬಂದಾಗ ಜನ ಅಕ್ಕನನ್ನು ಸುತ್ತುವರಿದಿದ್ದರು. ಅವಳು ನಗುನಗುತ್ತ ಹೇಳುತ್ತಿದ್ದಳು: “ನನಗೇ ಅಂಜಿಕಿ ಆತ್ರಿ. ಎದಿ ಧಕಧಕ ಅನ್ಲಿಕತ್ತಿತ್ತು. ಇಳಸೋ ತಮ್ಮಾ ಅಂತ ನಾನೇ ಗಂಟ್ ಬಿದ್ದೆ.” ಹೆಂಗಸರು ಅವಳನ್ನು ಗೇಲಿ ಮಾಡಿದರು. ಅಲ್ಲ, ಹಾಗಲ್ಲ ಅನ್ನಲು ನನಗೆ ಒಂದು ಉಸಿರು ಸಾಕಿತ್ತು. ನಾನು ಹಗ್ಗ ಕಟ್ಟುವ ನೆಪದಲ್ಲಿ ಬಗ್ಗಿ ನಿಂತೆ.

ಜನ ಚದುರಿದ ಮೇಲೆ ಪಂಪು ತೆಗೆದೆ. ಜಗ್ಗಿದಷ್ಟೂ ನೀರು ಬಂತು. ಬಲಗಡೆಯ ಫ್ಲೋಟಿನ ಒಂದು ಬಿರಡೆ ಸಡಿಲಾಗಿತ್ತು. ಹತ್ತಿರಹತ್ತಿರ ಒಬ್ಬ ಮನುಷ್ಯನ ಭಾರದಷ್ಟು ನೀರನ್ನು ಹೊತ್ತುಕೊಂಡು, ನಾನು ಅಕ್ಕನನ್ನು ಇಳಿಸಿದ್ದೆ. ಆಗಲೇ ಓಡಿಹೋಗಿ ಹೇಳಬೇಕಿತ್ತು. ಸಂಜೆ ಹೇಳೋಣ, ಫೋನಿನಲ್ಲಿ ಹೇಳೋಣ ಎಂದು ಮುಂದೂಡಿದೆ.

ತೊಗರಿ ರಾಶಿ ಮುಗಿದ ಮೇಲೆ ಅಕ್ಕನ ಮನೆಗೆ ಮಧ್ಯಾಹ್ನದ ಊಟಕ್ಕೆ ಹೋದೆ. ಒಲೆಯ ಮುಂದೆ ಕೂತ ಅಕ್ಕನ ಸೊಸೆ ಮೆಲ್ಲಗೆ, “ಮಾಮಾ, ನೀವರ ಹೇಳ್ರಿ. ಅತ್ತಿ ಆವತ್ತಿಂದ ಅರ್ಧ ರೊಟ್ಟಿಗೇ ಎದ್ದುಬಿಡ್ತಾರ. ಮೈ ಇಳಸ್ತೀನಿ, ಬರೋ ವರ್ಷ ವಿಮಾನ ಹತ್ತತೀನಿ ಅಂತಾರ” ಅಂದಳು.

ಅಕ್ಕ ನೀರಿನ ತಂಬಿಗೆ ತಂದು ಎದುರಿಗೆ ಕೂತಳು. ನಾನು ಎಲ್ಲವನ್ನೂ ಹೇಳಿದೆ: ಹೊಸ ಅಂಗಿ, ಪಂಪು, ಬಿರಡೆ, ನೀರು. “ನಿನ್ ಭಾರ ಅಲ್ಲಕ್ಕಾ, ನೀರಿನ ಭಾರ. ಖರೇನೇ ನೀರು” ಅಂದೆ.

ಅಕ್ಕನಿಗೆ ಸಿಟ್ಟಿರಲಿಲ್ಲ.

“ಮೊದ್ಲ ಎಂಜಿನ್ ಅಂದಿ. ಈಗ ನೀರು ಅನ್ಲಿಕತ್ತಿ. ಇರಲಿ ಬಿಡೋ ತಮ್ಮಾ, ನನಗೇನ್ ಬ್ಯಾಸರಿಲ್ಲ” ಎಂದು ತನ್ನ ತಾಟಿನ ರೊಟ್ಟಿ ಮುರಿದು, ಅರ್ಧ ನನ್ನ ತಾಟಿಗೆ ಹಾಕಿದಳು.