ಕಾಯಿ ಹಣ್ಣಾಗಲಿಲ್ಲ

ಆಟ ಆಡಿದ್ದಕ್ಕೆ ಸಂಬಳ ಕೊಡುವ ಊರು ಭೂಮಿ ಮೇಲೆ ಇಲ್ಲ ಎಂದವನು ನಮ್ಮ ಎರ್ರಿಸ್ವಾಮಿ ಮಾವ. ಬಳ್ಳಾರಿಯಲ್ಲಿ ಅವನದು ಹನ್ನೆರಡು ಮಿಷನ್ನಿನ ಜೀನ್ಸ್ ಹೊಲಿಯುವ ಶೆಡ್ಡು. ನಮ್ಮವ್ವ ಅಲ್ಲೇ ಜಿಪ್ ಕೂರಿಸುತ್ತಾಳೆ. ಬಿಸಿಎ ಓದುವಾಗ ರಜೆ ಬಂತೆಂದರೆ ನಾನೂ ಅಲ್ಲೇ, ಚೆಕಿಂಗ್ ಮೇಜಿನ ಮುಂದೆ. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮುಗಿಸಿದವಳು ನಾನೊಬ್ಬಳೇ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ವಿಡಿಯೋ ಗೇಮ್ ಕಂಪನಿಯೊಂದರಲ್ಲಿ ಟೆಸ್ಟರ್ ಕೆಲಸ, ಸದ್ಯಕ್ಕೆ ಆರು ತಿಂಗಳ ಕರಾರು, ಎಂದಾಗ ಮಾವ ನಕ್ಕ. "ಹೋಗಿ ಬಾರವ್ವ ಹುಲಿಗೆಮ್ಮ. ನಿಮ್ಮವ್ವನ ಪಕ್ಕದ ಮಿಷನ್ನು ಖಾಲಿ ಇಟ್ಟಿರ್ತೀನಿ," ಅಂದ. ಪ್ರೀತಿಯಿಂದಲೇ ಅಂದದ್ದು. ಅದಕ್ಕೇ ಜಾಸ್ತಿ ಚುಚ್ಚಿತು.

ಮೊದಲ ದಿನ ನನಗೆ ಕೊಟ್ಟ ಕೆಲಸ ಗೋಡೆಗೆ ಡಿಕ್ಕಿ ಹೊಡೆಯುವುದು. ಪರದೆಯ ಮೇಲಿನ ಬೊಂಬೆಯನ್ನು ಮನೆಯ ಪ್ರತಿ ಗೋಡೆಗೂ ಗುದ್ದಿಸಬೇಕು, ಎಲ್ಲಾದರೂ ಗೋಡೆಯೊಳಗೆ ತೂರಿಹೋದರೆ ಬರೆದಿಡಬೇಕು. ಬೆಳಗ್ಗೆಯಿಂದ ಸಂಜೆತನಕ ಗುದ್ದಿಸಿದೆ. ನನ್ನ ಸುತ್ತ ಗಡ್ಡ ಬಂದ ಗಂಡಸರು, ಮದುವೆಯಾದ ಹೆಂಗಸರು, ಎಲ್ಲರೂ ಗಂಭೀರವಾಗಿ ಅದನ್ನೇ ಮಾಡುತ್ತಿದ್ದರು. ಒಬ್ಬರೂ ನಗಲಿಲ್ಲ. ಸಂಜೆ ಬಸ್ಸಿಗೆ ಕಾಯುವಾಗ ಕಂಪೌಂಡ್ ಗೋಡೆಗೆ ಒರಗಲು ಹೋಗಿ, ಒಮ್ಮೆ ಕೈಯಿಂದ ಒತ್ತಿ ನೋಡಿದೆ.

ಮನೆ ಸಿಕ್ಕಿದ್ದು ಸಿಂಗಸಂದ್ರದಲ್ಲಿ, ಮೂರನೇ ಮಹಡಿಯ ಒಂದು ರೂಮು, ನೆತ್ತಿಯ ಮೇಲೆ ನೀರಿನ ಟ್ಯಾಂಕು. ಓನರ್ ಪಾಪಮ್ಮಜ್ಜಿ ಹಳೇ ಊರಿನವರು. ಈಗ ಕಟ್ಟಡ ಎದ್ದಿರುವ ಜಾಗದಲ್ಲಿ ಮೊದಲು ಅವರ ರಾಗಿಹೊಲವಿತ್ತಂತೆ. ಆಟದ ಕಂಪನಿ ಎಂದ ಕೂಡಲೇ ಮುಖ ಸಪ್ಪಗಾಯಿತು. "ಇಸ್ಪೀಟಾ? ಅಂಗಾದ್ರೆ ಬ್ಯಾಡ ಕಣವ್ವ," ಅಂದರು. ಇಸ್ಪೀಟಲ್ಲ, ಟಿವಿಯಲ್ಲಿ ಆಡುವ ಮಕ್ಕಳಾಟ ಅಂತ ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಕನ್ನಡ ರಾಜ್ಯದಲ್ಲೇ ಇದ್ದೇನೆ, ಭಾಷೆಗೇನು ಕಷ್ಟ ಅಂದುಕೊಂಡಿದ್ದೆ. ಎರಡನೇ ದಿನ ಹೋಟೆಲಿನಲ್ಲಿ ಒಗ್ಗರಣೆ ಕೊಡ್ರಿ ಎಂದೆ. ನಮ್ಮಲ್ಲಿ ಹಾಗಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಪಕ್ಕದಲ್ಲಿ ಎರಡು ಮಿರ್ಚಿ ಬಜ್ಜಿ. ಅವನು ಯಾವುದಕ್ಕೆ ಒಗ್ಗರಣೆ ಮೇಡಂ ಅಂತ ಕೇಳಿದ. ಇಡ್ಲಿ ತಿಂದು ಬಂದೆ. ಆಫೀಸಿನಲ್ಲಂತೂ ಎಲ್ಲವೂ ಇಂಗ್ಲಿಷ್. ನನ್ನ ಹೆಸರು ಉದ್ದವಾಯಿತೆಂದು ಟೈಗರ್ ಎಂದು ಕತ್ತರಿಸಿದರು.

ಕೆಲಸ ಮಾತ್ರ ನನಗೆ ಹೊಸದಾಗಿರಲಿಲ್ಲ. ಅಲ್ಲಿ ಪ್ಯಾಂಟು ಒಳಮಗ್ಗುಲು ತಿರುಗಿಸಿ ದಾರ ಬಿಟ್ಟದ್ದು ಹುಡುಕುತ್ತಿದ್ದೆ, ಇಲ್ಲಿ ಆಟದ ಒಳಮಗ್ಗುಲು. ತಪ್ಪಿಗೆ ಇಲ್ಲಿ ಬಗ್ ಅನ್ನುತ್ತಾರೆ. ವ್ಯತ್ಯಾಸ ಇಷ್ಟೇ: ಶೆಡ್ಡಿನಲ್ಲಿ ತಪ್ಪಿನ ಮೇಲೆ ಸೀಮೆಸುಣ್ಣದ ಗೀಟು ಎಳೆದರೆ ಮುಗಿಯಿತು. ಇಲ್ಲಿ ಇಂಗ್ಲಿಷಿನಲ್ಲಿ ಬರೆದು ಒಪ್ಪಿಸಬೇಕು. ನಾನು ಬರೆದದ್ದರಲ್ಲಿ ಬಹಳಷ್ಟು 'ಇದು ಬಗ್ ಅಲ್ಲ' ಎಂದು ವಾಪಸ್ ಬರುತ್ತಿತ್ತು. ನಮ್ಮ ತಂಡದ ಲೀಡ್ ನಿಖಿಲ್, ಜಾಲಹಳ್ಳಿ ಹುಡುಗ, ನಾಲ್ಕನೇ ತಿಂಗಳು ಪಕ್ಕಕ್ಕೆ ಕರೆದು, ಹೀಗೇ ಆದರೆ ಪರ್ಮನೆಂಟ್ ಮಾಡಿ ಅಂತ ಮೇಲಿನವರಿಗೆ ಹೇಳೋಕಾಗಲ್ಲ ಎಂದ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಖಾಲಿ ಮಿಷನ್ನು.

ಆಗ ನಾವು ಮಾಡುತ್ತಿದ್ದದ್ದು ಚೌಕಾಬಾರದ ಆಟ, ಕನ್ಸೋಲಿಗೆ. ಕನ್ಸೋಲ್ ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆ. ಆ ಪೆಟ್ಟಿಗೆ ತಯಾರಿಸುವ ಕಂಪನಿಯವರು ಪರೀಕ್ಷೆ ಮಾಡಿ ಪಾಸು ಮಾಡಿದ ಮೇಲೆಯೇ ಆಟ ಮಾರಾಟಕ್ಕೆ. ಎಲ್ಲಾದರೂ ಆಟ ಕಲ್ಲಾಗಿ ನಿಂತುಬಿಟ್ಟರೆ ಫೇಲು, ಬಿಡುಗಡೆ ಮುಂದಕ್ಕೆ. ನಾನು ಅಂಥದ್ದೊಂದು ಹಿಡಿದಿದ್ದೆ. ಕೊನೆಯ ಕಾಯಿ ನಡುಮನೆ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಕೈಯಲ್ಲಿರುವ ಕಂಟ್ರೋಲರಿನ ಬ್ಯಾಟರಿ ಹೋದರೆ, ಕಾಯಿ ಅಲ್ಲಿಗೆ ಬಂದು ನಿಲ್ಲುತ್ತದೆ, ಆದರೆ ಲೆಕ್ಕಕ್ಕೆ ಸೇರುವುದಿಲ್ಲ. ಗೆಲುವೂ ಇಲ್ಲ, ಮುಂದಿನವರ ಸರದಿಯೂ ಇಲ್ಲ. ಖುಷಿಯಿಂದ ಬರೆದು ಕಳಿಸಿದೆ. ಮಾರನೇ ದಿನ ಪ್ರೋಗ್ರಾಮ್ ಬರೆಯುವವನಿಂದ ಒಂದೇ ಸಾಲಿನ ಉತ್ತರ: ಈ ಆಟದಲ್ಲಿ ಹಣ್ಣೇ ಇಲ್ಲ. ಅರ್ಧ ದಿನ ಹುಡುಕಿದನಂತೆ ಪಾಪ. ಇಡೀ ಮಹಡಿ ನಕ್ಕಿತು. ನಿಖಿಲ್ ಕೂಡ, "ಏನ್ ಟೈಗರ್, ಮಾವಿನ ಹಣ್ಣೋ ಬಾಳೆ ಹಣ್ಣೋ?" ಅಂದ. ಏನು ತಪ್ಪಾಯಿತು ಅಂತ ನಿಜವಾಗಿಯೂ ನನಗೆ ತಿಳಿಯಲಿಲ್ಲ.

ಭಾನುವಾರ ಮೆಟ್ಟಿಲ ಮೇಲೆ ಪಾಪಮ್ಮಜ್ಜಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಹರಡಿಕೊಂಡು ಕೂತಿದ್ದರು. ಆಡಲು ಜನ ಬೇಕಿತ್ತು, ನನ್ನನ್ನು ಕೂರಿಸಿಕೊಂಡರು. ಮೂರನೇ ಸುತ್ತಿಗೇ ಒಂದು ಕಾಯಿಯನ್ನು ನಡುಮನೆಗೆ ತಳ್ಳಿ, "ನಂದು ಅಣ್ಣಾಯ್ತು ಕಣವ್ವ. ನಿಂದಿನ್ನೂ ಕಾಯೇ," ಎಂದು ಛೇಡಿಸಿದರು.

ನನ್ನ ಕೈ ಅಲ್ಲೇ ನಿಂತಿತು. ನಮ್ಮ ಬಳ್ಳಾರಿಯಲ್ಲೂ ಅದೇ ಮಾತು, ರಾಗಿಹೊಲದಲ್ಲಿ ಕಟ್ಟಡ ಎಬ್ಬಿಸಿದ ಈ ಅಜ್ಜಿಯ ಬಾಯಲ್ಲೂ ಅದೇ ಮಾತು. ನಡುಮನೆ ಸೇರಿದ ಕಾಯಿ ಹಣ್ಣು. ಇಡೀ ಲೋಕವೇ ಹಾಗನ್ನುತ್ತದೆ ಎಂದು ನಂಬಿ, ಕಾಯಿ ಹಣ್ಣಾಗಲಿಲ್ಲ ಅನ್ನುವುದನ್ನು ಪದಕ್ಕೆ ಪದ ಇಂಗ್ಲಿಷ್ ಮಾಡಿ, ಹಣ್ಣಿಗೆ ಫ್ರೂಟ್ ಅಂತಲೇ ಬರೆದು ಕೂತಿದ್ದೆ. ಬರೆಯುವಾಗ ಅದು ಕನ್ನಡದ ಮಾತು ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಸೋಮವಾರ ಏನೂ ಬರೆಯಲಿಲ್ಲ. ಕನ್ಸೋಲನ್ನೇ ಹೊತ್ತು ನಿಖಿಲನ ಮೇಜಿಗೆ ಹೋದೆ. ಅವನು ಮೀಟಿಂಗ್ ಇದೆ ಅಂದ, ನಾನು ಕೇಳಲಿಲ್ಲ. ಕಾಯಿ ನಡೆಸಿದೆ, ಕೊನೇ ಮನೆಗೆ ಬರುತ್ತಿದ್ದಂತೆ ಬ್ಯಾಟರಿ ಕಿತ್ತೆ, ಮತ್ತೆ ಹಾಕಿದೆ. ಆಟ ಕಲ್ಲು. ಅವನು ಕಂಟ್ರೋಲರ್ ಕಸಿದುಕೊಂಡು ತಾನೇ ಮೂರು ಸಲ ಮಾಡಿ ನೋಡಿದ. ಮೂರು ಸಲವೂ ಕಲ್ಲು.

"ನಾಳಿದ್ದು ಪರೀಕ್ಷೆಗೆ ಕಳಿಸೋದಿತ್ತು ಗುರು," ಅಂದ, ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಬಗ್ ಬರೆಯೋವಾಗ ಇನ್ಮೇಲೆ ನನ್ನ ಪಕ್ಕ ಕೂತ್ಕೊಂಡು ಬರಿ. ಹುಡುಕೋದು ನಿಂಗೆ ಹೇಳ್ಕೊಡ್ಬೇಕಾಗಿಲ್ಲ."

ಸರಿಮಾಡಿ ಕಳಿಸಿದರು, ಆಟ ಪಾಸಾಯಿತು. ಕನ್ನಡದಲ್ಲಿ ಆಡುವವರಿಗೆ ಪರದೆಯ ಮೇಲೆ ಈಗ 'ಕಾಯಿ ಗುರಿ ತಲುಪಿತು' ಅಂತ ಬರುವುದಿಲ್ಲ, 'ಹಣ್ಣಾಯಿತು' ಅಂತ ಬರುತ್ತದೆ. ಅದಕ್ಕೂ ಒಂದು ವಾರ ಜಗಳವಾಡಿದ್ದೇನೆ. ಬಿಡುಗಡೆಯ ದಿನ ಎಲ್ಲರಿಗೂ ಕೊಟ್ಟಂತೆ ನನಗೂ ಸರ್ಟಿಫಿಕೇಟ್ ಕೊಟ್ಟರು. ಅಷ್ಟರಲ್ಲಿ ನಿಖಿಲ್ ಮೇಲಿನವರಿಗೆ ಹೇಳಿಯಾಗಿತ್ತು. ಹುಲಿಗೆಮ್ಮ ಅಂತ ಪೂರ್ತಿ ಹೆಸರು, ಕೆಳಗೆ ಹುದ್ದೆ, ಅದರ ಮುಂದೆ ಪರ್ಮನೆಂಟ್.

ಅದನ್ನು ಹಿಡಿದು ಬಳ್ಳಾರಿಗೆ ಹೋದೆ. ಶೆಡ್ಡಿನಲ್ಲಿ ಅವ್ವನ ಪಕ್ಕದ ಮಿಷನ್ನಿಗೆ ಯಾರೋ ಹೊಸ ಹುಡುಗಿ ಬಂದು ಕೂತಿದ್ದಳು. ಆ ಮಿಷನ್ನಿಗೆ ನಾನು ಬಂದು ಕೂರುವಂತಾಗದಿರಲಿ ಅಂತ ಬೇಡಿಕೊಂಡವಳೇ ಆದರೂ, ಅವಳ ಬೆನ್ನು ನೋಡಿ ಒಂದು ಗಳಿಗೆ ಸಿಟ್ಟು ಬಂತು. ಊರಲ್ಲಿದ್ದ ಎರಡು ದಿನವೂ ನೆಮ್ಮದಿಯಾಗಿ ಕೂರಲಾಗಲಿಲ್ಲ. ಬಸ್ ಸ್ಟ್ಯಾಂಡಿನ ಒಗ್ಗರಣೆ ತಿನ್ನುತ್ತಲೇ ಸೋಮವಾರದ ಕೆಲಸ ನೆನೆಯುತ್ತಿದ್ದೆ. ಸಿಂಗಸಂದ್ರದಲ್ಲಿದ್ದರೆ ಇದೇ ಒಗ್ಗರಣೆಯ ಧ್ಯಾನ.

ಅವ್ವನ ಬೆರಳಿಗೆಲ್ಲ ಜೀನ್ಸಿನ ನೀಲಿ ಹತ್ತಿತ್ತು. ಸೆರಗಿಗೆ ಎರಡೂ ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ಅಂಚಿನಲ್ಲಿ ಹಿಡಿದಳು. ಆದರೂ ಮೂಲೆಯಲ್ಲಿ ಹೆಬ್ಬೆರಳಿನ ಗುರುತು ಬಿತ್ತು. ಏನು ಬರೆದಾರ ಓದು ಅಂದಳು, ಓದಿದೆ. ಪರ್ಮನೆಂಟ್ ಅನ್ನುವುದನ್ನು ಎರಡನೇ ಸಲ ಓದಿಸಿದಳು. ಸಂತೋಷ ಮುಖದಲ್ಲಿ ಕಾಣುತ್ತಿತ್ತು, ಮುಚ್ಚಿಡಲಿಲ್ಲ. ಆಮೇಲೆ ಅದನ್ನು ನನ್ನ ಕೈಗೆ ವಾಪಸ್ ಕೊಡುತ್ತ ಕೇಳಿದಳು:

"ಹಂಗಾರ, ಇನ್ನ ನಮ್ಮನಿಗೆ ಬರಾಕ ನೀನು ರಜಾ ಕೇಳಬೇಕೇನವ್ವ?"